ಎಕೋ ಇಲ್ಲದ 29 ನಿಮಿಷ: ಸ್ಲೇಯರ್‌ನ ‘ರೇನ್ ಇನ್ ಬ್ಲಡ್’ ಕೇಳುವ ಬಗೆ

ನನ್ನದು ಮೈಕ್‌ಸೆಟ್ ಕೆಲಸ. ದಾವಣಗೆರೆ, ಹರಿಹರ, ಚನ್ನಗಿರಿ ಕಡೆ ಗಣಪತಿ ಪೆಂಡಾಲು, ಆರ್ಕೆಸ್ಟ್ರಾ, ಮದುವೆ, ಎಲ್ಲಿ ಕರೆದರೆ ಅಲ್ಲಿ. ಬಾಕ್ಸ್ ಜೋಡಿಸಿದ ಮೇಲೆ ಎಲ್ಲರೂ ‘ಹಲೋ ಚೆಕ್, ಒನ್ ಟು ತ್ರೀ’ ಅಂತಾರೆ. ನಾನು ಅದರ ಜೊತೆಗೆ 1986ರ ಒಂದು ಥ್ರ್ಯಾಶ್ ಮೆಟಲ್ (ಬಿರುಸಾಗಿ ಓಡುವ ಗಡಸು ರಾಕ್) ಆಲ್ಬಮ್ಮಿನ ತುಣುಕನ್ನೂ ಹಾಕುತ್ತೇನೆ. ಅಡುಗೆಯವರು ಬೈಯುತ್ತಾರೆ. ಶಾಮಿಯಾನ ಕಟ್ಟುವ ಹುಡುಗರು ಮಾತ್ರ ಹತ್ತಿರ ಬಂದು ‘ಅಣ್ಣಾ, ಯಾವುದಿದು?’ ಅಂತ ಕೇಳುತ್ತಾರೆ. ಹೆಸರು ಹೇಳಿ ಕಳಿಸಿದರೆ ಮುಂದಿನ ಸಲ ಸಿಕ್ಕಾಗ ‘ಬರೀ ಗಲಾಟೆ ಅಣ್ಣಾ, ಎಲ್ಲಾ ಹಾಡೂ ಒಂದೇ ಥರ’ ಅನ್ನುತ್ತಾರೆ. ಅವರು ಹೇಳೋದರಲ್ಲೂ ಅರ್ಥ ಇದೆ. ಸುಮ್ನೆ ಹಾಕಿಕೊಂಡು ಬೈಕ್ ಓಡಿಸುತ್ತಾ ಕೇಳಿದರೆ ಇದು ಗಲಾಟೆಯೇ. ಕೂತು ಕೇಳೋಕೆ ಒಂದು ದಾರಿ ಇದೆ. ಅದನ್ನು ಇಲ್ಲಿ ಹೇಳುತ್ತೇನೆ.

ಆಲ್ಬಮ್ಮು ಸ್ಲೇಯರ್ ಬ್ಯಾಂಡಿನ ‘ರೇನ್ ಇನ್ ಬ್ಲಡ್’. ಕ್ಯಾಲಿಫೋರ್ನಿಯಾದ ನಾಲ್ಕು ಜನ: ಬೇಸ್ ಗಿಟಾರ್ ಬಾರಿಸುತ್ತಾ ಹಾಡುವ ಟಾಮ್ ಅರಾಯಾ, ಗಿಟಾರಿಗೆ ಜೆಫ್ ಹ್ಯಾನೆಮನ್ ಮತ್ತು ಕೆರ್ರಿ ಕಿಂಗ್, ಡ್ರಮ್ಸ್‌ಗೆ ಡೇವ್ ಲೊಂಬಾರ್ಡೋ. ಅರಾಯಾ ಹುಟ್ಟಿದ್ದು ಚಿಲಿಯಲ್ಲಿ, ಲೊಂಬಾರ್ಡೋ ಕ್ಯೂಬಾದ ಹವಾನಾದಲ್ಲಿ. 1986ರ ಅಕ್ಟೋಬರ್ 7ಕ್ಕೆ ಇದು ಬಿಡುಗಡೆಯಾಯಿತು. ಹತ್ತು ಹಾಡು, ಒಟ್ಟು ಸುಮಾರು 29 ನಿಮಿಷ. ಅದೇ ವರ್ಷ ಮೆಟಾಲಿಕಾ ಅನ್ನೋ ಇನ್ನೊಂದು ಮೆಟಲ್ ಬ್ಯಾಂಡಿನ ‘ಮಾಸ್ಟರ್ ಆಫ್ ಪಪೆಟ್ಸ್’ ಎಂಟೇ ಹಾಡಿಗೆ 54 ನಿಮಿಷ ತೆಗೆದುಕೊಂಡಿತ್ತು. ಈ ಒಂದು ಲೆಕ್ಕದಲ್ಲೇ ಎರಡು ಬ್ಯಾಂಡಿನ ಸ್ವಭಾವ ಗೊತ್ತಾಗುತ್ತದೆ, ಅಲ್ವಾ?

ಈ ಆಲ್ಬಮ್ಮು ಯಾಕೆ ಇನ್ನೂ ಹಳತಾಗಿಲ್ಲ ಅಂತ ಕೇಳಿದರೆ ಎಲ್ಲರೂ ಸ್ಪೀಡ್ ಅಂತಾರೆ. ನಾನು ಒಪ್ಪಲ್ಲ. ಆಮೇಲೆ ಬಂದವರು ಇದಕ್ಕಿಂತ ಎಷ್ಟೋ ಜೋರಾಗಿ ಬಾರಿಸಿದ್ದಾರೆ, ಅವರಲ್ಲಿ ಎಷ್ಟೋ ಜನರ ಹೆಸರೂ ಉಳಿದಿಲ್ಲ. ಇದು ಉಳಿದಿರೋದು ಇದರಿಂದ ಏನೇನು ತೆಗೆದು ಹಾಕಿದರೋ ಅದರಿಂದ. ಎಕೋ ತೆಗೆದರು, ಪೀಠಿಕೆ ತೆಗೆದರು, ಸಾಕಾಗುವಷ್ಟು ಸಲ ತಿರುಗಿ ಬರುವ ಪಲ್ಲವಿ ತೆಗೆದರು. ಕೇಳುವಾಗ ಆ ಖಾಲಿ ಜಾಗ ಕಿವಿಗೆ ಬೀಳಬೇಕು. ಕೆಳಗೆ ಹೇಳೋದೆಲ್ಲ ಅದಕ್ಕೇ.

ಮೊದಲು ಫೋನ್ ಸರಿ ಮಾಡಿಕೊಳ್ಳಿ

ಹಾಡು ಕೇಳುವ ಆಪ್‌ನಲ್ಲಿ ಒಂದು ಹಾಡನ್ನು ಇನ್ನೊಂದರ ಮೇಲೆ ಜಾರಿಸುವ ಕ್ರಾಸ್‌ಫೇಡ್ ಅನ್ನೋ ಸೆಟ್ಟಿಂಗ್ ಇರುತ್ತದೆ. ಅದನ್ನು ಸೊನ್ನೆಗೆ ತನ್ನಿ. ಹಾಡುಗಳ ನಡುವೆ ಮೌನ ಬರದ ಹಾಗೆ ಮಾಡುವ ಗ್ಯಾಪ್‌ಲೆಸ್ ಅನ್ನೋದು ಇದ್ದರೆ ಆನ್ ಮಾಡಿ. ಶಫಲ್ ಬೇಡವೇ ಬೇಡ. ಯಾಕೆಂದರೆ ಈ ಆಲ್ಬಮ್ಮಿನಲ್ಲಿ ಎರಡು ಕಡೆ ಹಾಡುಗಳು ಒಂದಕ್ಕೊಂದು ಅಂಟಿಕೊಂಡಿವೆ: ‘ಆಲ್ಟರ್ ಆಫ್ ಸ್ಯಾಕ್ರಿಫೈಸ್’ ಮುಗಿದು ‘ಜೀಸಸ್ ಸೇವ್ಸ್’ ಶುರುವಾಗುವ ಕಡೆ, ‘ಪೋಸ್ಟ್‌ಮಾರ್ಟಮ್’ ಮುಗಿದು ‘ರೇನಿಂಗ್ ಬ್ಲಡ್’ ಶುರುವಾಗುವ ಕಡೆ. ಅಲ್ಲಿ ಅರ್ಧ ಸೆಕೆಂಡ್ ಮೌನ ಬಂದರೂ ಆಟ ಕೆಟ್ಟಿತು. ನಡುವೆ ಸೀರೆ ಅಂಗಡಿ ಜಾಹೀರಾತು ಬರುವ ಆಪ್‌ನಲ್ಲಂತೂ ಕೇಳಲೇಬೇಡಿ.

ಈಕ್ವಲೈಜರ್ ಫ್ಲ್ಯಾಟ್ ಇರಲಿ, ಯಾವುದನ್ನೂ ಏರಿಸಬೇಡಿ, ಇಳಿಸಬೇಡಿ. ಬೇಸ್ ಬೂಸ್ಟ್, ತ್ರೀಡಿ, ಸರೌಂಡ್, ‘ಕನ್ಸರ್ಟ್ ಹಾಲ್’, ಇವನ್ನೆಲ್ಲ ಆಫ್ ಮಾಡಿ. ಕುತ್ತಿಗೆಗೆ ಹಾಕುವ ಬ್ಲೂಟೂತ್‌ಗಳಲ್ಲಿ ಜಾಸ್ತಿ ಪಾಲು ಬೇಸ್ ಉಬ್ಬಿಸಿಯೇ ಕೊಡುತ್ತವೆ. ಅವುಗಳಲ್ಲಿ ಡ್ರಮ್ಮಿನ ಒದೆತ ಗುಂಯ್‌ಗುಟ್ಟಿ ಒಂದಕ್ಕೊಂದು ಕಲಸಿಹೋಗುತ್ತದೆ. ಸಾಧಾರಣ ವೈರ್ ಇಯರ್‌ಫೋನ್ ಸಾಕು.

ಇನ್ನೊಂದು ವಿಷಯ. 1998ರಲ್ಲಿ ಮತ್ತೆ ಬಂದ ಆವೃತ್ತಿಯಲ್ಲಿ ಕೊನೆಗೆ ಎರಡು ಹಾಡು ಜಾಸ್ತಿ ಸೇರಿಸಿದ್ದಾರೆ: ‘ಅಗ್ರೆಸಿವ್ ಪರ್ಫೆಕ್ಟರ್’ ಮತ್ತು ‘ಕ್ರಿಮಿನಲಿ ಇನ್ಸೇನ್’ದೇ ಒಂದು ರೀಮಿಕ್ಸ್. ನಿಮಗೆ ಸಿಗೋದು ಅದೇ ಇರಬಹುದು. ಹತ್ತನೇ ಹಾಡು ಮಳೆಯ ಸದ್ದಿನಲ್ಲಿ ಮುಗಿಯುತ್ತದೆ. ಅಲ್ಲಿಗೆ ನಿಲ್ಲಿಸಿ. ಊಟ ಮುಗಿಸಿ ಕೈ ತೊಳೆದ ಮೇಲೆ ಮತ್ತೆ ಎಲೆ ಮುಂದೆ ಕೂರಿಸಿದ ಹಾಗಿದೆ ಆ ಎರಡು ಹಾಡು.

ಶುರು ಮಾಡೋಕೆ ಮುಂಚೆ ಬೇರೆ ಆಲ್ಬಮ್ಮಿನ ಒಂದು ತುಣುಕು

ಇದು ನಾನು ಎಲ್ಲರಿಗೂ ಮಾಡಿಸುವ ಕಸರತ್ತು. ಇದೇ ಬ್ಯಾಂಡಿನ ಹಿಂದಿನ ಆಲ್ಬಮ್ಮು, 1985ರ ‘ಹೆಲ್ ಅವೇಟ್ಸ್’. ಅದರ ಮೊದಲ ಹಾಡು ಹಾಕಿ, ಅರಾಯಾ ಹಾಡೋಕೆ ಶುರು ಮಾಡಿದ ಮೇಲೂ ಒಂದು ನಿಮಿಷ ಕೇಳಿ. ಆಮೇಲೆ ತಕ್ಷಣ ‘ರೇನ್ ಇನ್ ಬ್ಲಡ್’ನ ಮೊದಲ ಹಾಡು ‘ಏಂಜಲ್ ಆಫ್ ಡೆತ್’ ಹಾಕಿ.

ಮೊದಲನೆಯದರಲ್ಲಿ ಬ್ಯಾಂಡು ಯಾವುದೋ ದೊಡ್ಡ ಗುಹೆಯೊಳಗೆ ನಿಂತಿದೆ. ಎರಡನೆಯದರಲ್ಲಿ ನಿಮ್ಮ ಮೂಗಿನ ಮುಂದೆ ನಿಂತಿದೆ. ಅದೇ ಜನ, ಅದೇ ಕೈ. ಬದಲಾಗಿದ್ದು ನಿರ್ಮಾಪಕ ರಿಕ್ ರೂಬಿನ್ ಮತ್ತು ಸೌಂಡ್ ಇಂಜಿನಿಯರ್ ಆಂಡಿ ವಾಲೇಸ್. ರೂಬಿನ್ ಮೆಟಲ್‌ನವನೇ ಅಲ್ಲ. ನ್ಯೂಯಾರ್ಕಿನಲ್ಲಿ ಕಾಲೇಜು ಹಾಸ್ಟೆಲ್ ರೂಮಿನಿಂದ ಡೆಫ್ ಜ್ಯಾಮ್ ಅನ್ನೋ ಕಂಪನಿ ಶುರು ಮಾಡಿ ಎಲ್ ಎಲ್ ಕೂಲ್ ಜೆ, ಬೀಸ್ಟಿ ಬಾಯ್ಸ್ ಥರದ ರ‍್ಯಾಪ್‌ನವರ ರೆಕಾರ್ಡ್ ಮಾಡುತ್ತಿದ್ದ. ರ‍್ಯಾಪ್‌ನಲ್ಲಿ ಒಂದು ಡ್ರಮ್ಮು, ಒಂದು ದನಿ, ಎರಡೂ ಒಣಗಿದ ಹಾಗೆ ಸ್ಪಷ್ಟವಾಗಿರುತ್ತವೆ. ಅದೇ ಕಿವಿ ಇಟ್ಟುಕೊಂಡು ಬಂದು ಸ್ಲೇಯರ್‌ನ ಮೇಲಿದ್ದ ರಿವರ್ಬ್, ಅಂದರೆ ಎಕೋ ಥರದ ಗುಂಗು, ಕಿತ್ತು ಹಾಕಿದ. ವಾಲೇಸ್ ಮುಂದೆ 1991ರಲ್ಲಿ ನಿರ್ವಾನಾದ ‘ನೆವರ್‌ಮೈಂಡ್’ ಮಿಕ್ಸ್ ಮಾಡಿದವನು.

ಎಕೋ ವಿಷಯದಲ್ಲಿ ನನಗೆ ಸ್ವಲ್ಪ ಹೊಟ್ಟೆಯುರಿ ಇದೆ. ನಮ್ಮ ಆರ್ಕೆಸ್ಟ್ರಾ ಗಾಯಕರು ಸ್ಟೇಜ್ ಹತ್ತಿದ ತಕ್ಷಣ ಹೇಳುವ ಮೊದಲ ಮಾತು ‘ಅಣ್ಣಾ, ಎಕೋ ಜಾಸ್ತಿ ಕೊಡಿ’. ಎಕೋ ಕೊಟ್ಟರೆ ಶ್ರುತಿ ತಪ್ಪಿದ್ದು ಮುಚ್ಚಿಹೋಗುತ್ತದೆ, ಉಸಿರು ಸಾಲದ್ದೂ ಕಾಣಲ್ಲ. ನಿಧಾನದ ಹಾಡಿಗೆ ಅದು ನಡೆಯುತ್ತದೆ. ಇಷ್ಟು ಸ್ಪೀಡಿಗೆ ನಡೆಯಲ್ಲ. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ನಿಮಿಷಕ್ಕೆ 210 ಬೀಟ್ ಅಂದುಕೊಳ್ಳಿ, ಈ ಆಲ್ಬಮ್ಮಿನ ಜೋರು ಹಾಡುಗಳು ಆ ಸುತ್ತಮುತ್ತವೇ ಓಡುತ್ತವೆ. ಅಂದರೆ ಸೆಕೆಂಡಿಗೆ ಮೂರೂವರೆ ಬೀಟು. ಒಂದು ಬೀಟಿಗೆ ನಾಲ್ಕು ಹೊಡೆತ ಬಿದ್ದರೆ ಸೆಕೆಂಡಿಗೆ 14 ಹೊಡೆತ. ಒಂದರಿಂದ ಇನ್ನೊಂದಕ್ಕೆ ಸುಮಾರು 71 ಮಿಲಿಸೆಕೆಂಡು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 71 ಮಿಲಿಸೆಕೆಂಡಿನಲ್ಲಿ 24 ಮೀಟರ್. ಅಂದರೆ ನಿಮ್ಮಿಂದ 12 ಮೀಟರ್, ಹತ್ತಿರ ಹತ್ತಿರ 40 ಅಡಿ ದೂರದಲ್ಲಿ ಗೋಡೆ ಇದ್ದರೆ, ಈ ಹೊಡೆತ ಹೋಗಿ ಗೋಡೆಗೆ ಬಡಿದು ವಾಪಸ್ ಬರುವ ಹೊತ್ತಿಗೆ ಸರಿಯಾಗಿ ಮುಂದಿನ ಹೊಡೆತ ಬಿದ್ದಿರುತ್ತದೆ. ಎರಡೂ ಕಲಸಿ ಬರೀ ಬುರ್ ಅನ್ನೋ ಸದ್ದು. ನಮ್ಮ ಕಲ್ಯಾಣ ಮಂಟಪಗಳ ಅಳತೆಯೇ ಅಷ್ಟು! ಕೆಳಗೆ ಟೈಲ್ಸು, ಮೇಲೆ ತಗಡು, ನಡುವೆ ನಾನು. ಬಾಕ್ಸ್ ಎಲ್ಲಿಡಬೇಕು, ಯಾವ ಕಡೆ ತಿರುಗಿಸಬೇಕು ಅಂತ ಈ ಆಲ್ಬಮ್ಮು ನನಗೆ ಹೇಳಿಕೊಡೋದು ಹೀಗೆ. ರೆಕಾರ್ಡಿಂಗಿನಲ್ಲಿ ಎಕೋ ಇಲ್ಲ, ಹಾಗಾಗಿ ಕಿವಿಗೆ ಕೇಳಿಸುವ ಎಕೋ ಎಲ್ಲಾ ಆ ಹಾಲ್‌ನದ್ದೇ.

ಸ್ಟುಡಿಯೋದಲ್ಲೂ ಇದೇ ಲೆಕ್ಕ. ಮೇಲೆ ರಿವರ್ಬ್ ಸುರಿದರೆ ಲೊಂಬಾರ್ಡೋನ ಹೊಡೆತಗಳ ನಡುವಿನ ಸಂದು ಮುಚ್ಚಿಹೋಗುತ್ತದೆ. ತೆಗೆದರೆ ಒಂದೊಂದೂ ಬಿಡಿಬಿಡಿ. ಆದರೆ ಆಗ ಬಾರಿಸುವವನ ಕೈ ಸ್ವಲ್ಪ ತಪ್ಪಿದರೂ ಎಲ್ಲರಿಗೂ ಗೊತ್ತಾಗುತ್ತದೆ. ಆ ಧೈರ್ಯ ಇತ್ತು ಅವರಿಗೆ.

ಮೊದಲ ಸಲ: ನಿಲ್ಲಿಸದೆ

ಒಂದರಿಂದ ಹತ್ತರವರೆಗೆ ಒಂದೇ ಉಸಿರಿಗೆ ಕೇಳಿ. ಸದ್ದು ಮಧ್ಯಮಕ್ಕಿರಲಿ, ಕಿವಿ ನೋಯಿಸಿಕೊಂಡರೆ ಮೂರನೇ ಹಾಡಿಗೇ ತಲೆ ಚಿಟ್ಟು ಹಿಡಿಯುತ್ತದೆ. ಹಾಡು ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಅಂತ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಕೆಲಸ ಮಾಡಿ: ಎಲ್ಲೆಲ್ಲಿ ನಿಧಾನವಾಗುತ್ತದೆ ಅಂತ ಗಮನಿಸಿ.

ಏಕೆಂದರೆ ಇದು ಪೂರ್ತಿ ಸ್ಪೀಡ್ ಆಲ್ಬಮ್ ಅಲ್ಲ. ‘ಏಂಜಲ್ ಆಫ್ ಡೆತ್’ ಜೋರಾಗಿ ಓಡಿ, ಎರಡನೇ ನಿಮಿಷ ಮುಟ್ಟುವ ಹೊತ್ತಿಗೆ ಇದ್ದಕ್ಕಿದ್ದ ಹಾಗೆ ಅರ್ಧ ವೇಗಕ್ಕೆ ಇಳಿಯುತ್ತದೆ. ಅಲ್ಲಿ ಬರುವ ಭಾರದ ಗಿಟಾರ್ ತುಣುಕಿಗೆ ತಲೆ ತಾನಾಗಿಯೇ ಆಡುತ್ತದೆ. ‘ಜೀಸಸ್ ಸೇವ್ಸ್’ ಶುರುವಿನಲ್ಲಿ ಹಾಡೇ ಇಲ್ಲ, ಆರಾಮಾಗಿ ನಡೆದುಕೊಂಡು ಬರುತ್ತದೆ, ಆಮೇಲೆ ಏಕಾಏಕಿ ಕಿತ್ತುಕೊಂಡು ಓಡುತ್ತದೆ. ‘ಪೋಸ್ಟ್‌ಮಾರ್ಟಮ್’ ಜಾಸ್ತಿ ಪಾಲು ನಡಿಗೆಯೇ, ಕೊನೆಗೆ ಓಟ. ನಿಧಾನ ಇಲ್ಲದಿದ್ದರೆ ಸ್ಪೀಡ್ ಅನ್ನೋದು ಹತ್ತೇ ನಿಮಿಷಕ್ಕೆ ಸ್ಪೀಡ್ ಅಂತ ಅನ್ನಿಸೋದು ನಿಲ್ಲುತ್ತದೆ. ಹೆದ್ದಾರಿಯಲ್ಲಿ ರಾತ್ರಿ ಗಾಡಿ ಓಡಿಸಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಸಲ ಇಷ್ಟವಾಗದಿದ್ದರೂ ಚಿಂತೆಯಿಲ್ಲ. 29 ನಿಮಿಷ ತಾನೇ. ಆಗಿನ ಕ್ಯಾಸೆಟ್ಟಿನಲ್ಲಿ ಜಾಗ ಉಳಿದು, ಎರಡೂ ಕಡೆ ಪೂರ್ತಿ ಆಲ್ಬಮ್ಮನ್ನೇ ಹಾಕಿದ್ದರು. ಒಂದು ಕಡೆ ಮುಗಿಯಿತು, ತಿರುವಿ ಹಾಕಿದರೆ ಮತ್ತೆ ಮೊದಲಿಂದ.

ಎರಡನೇ ಸಲ: ಬರೀ ಡ್ರಮ್ಮು

ಈಗ ಹಾಡು, ಗಿಟಾರು ಎಲ್ಲಾ ಮರೆತುಬಿಡಿ. ಲೊಂಬಾರ್ಡೋನ ಹಿಂದೆ ಹೋಗಿ. ಕಿಕ್ (ಕಾಲಲ್ಲಿ ಒದೆಯುವ ದೊಡ್ಡ ಡ್ರಮ್ಮು) ಮತ್ತು ಸ್ನೇರ್ (ಕೋಲಿನಲ್ಲಿ ಹೊಡೆಯುವ ಚಿಕ್ಕ ಡ್ರಮ್ಮು), ಎರಡೇ. ಕಾಲಿನದು ಧಪ್, ಕೈಯದು ಟಪ್. ಧಪ್-ಟಪ್-ಧಪ್-ಟಪ್ ಅಂತ ಓಡುವಾಗ ತೊಡೆ ಮೇಲೆ ಬೆರಳಲ್ಲಿ ಸ್ನೇರ್ ಜೊತೆ ತಟ್ಟಿ ನೋಡಿ. ಸ್ವಲ್ಪ ಹೊತ್ತಿಗೆ ಕೈ ಸೋಲುತ್ತದೆ, ಆದರೆ ಆಮೇಲೆ ಕಿವಿ ಬಿಡಲ್ಲ.

ಹತ್ತಿರದಿಂದ ನೋಡಬೇಕಾದ ಜಾಗ ಒಂದಿದೆ. ‘ಏಂಜಲ್ ಆಫ್ ಡೆತ್’ನಲ್ಲಿ ನಾಲ್ಕನೇ ನಿಮಿಷ ದಾಟಿದ ಮೇಲೆ, ಗಿಟಾರ್ ಸೋಲೋಗಳ (ಒಬ್ಬೊಬ್ಬರೇ ಮುಂದೆ ಬಂದು ಬಾರಿಸುವ ಭಾಗಗಳ) ಗಲಾಟೆ ಮುಗಿದು ಗಿಟಾರುಗಳು ಏಕದಂ ನಿಲ್ಲುತ್ತವೆ. ಕೆಲವೇ ಸೆಕೆಂಡು ಬರೀ ಎರಡು ಕಾಲಿನ ಡಬಲ್ ಬೇಸ್ ಡ್ರಮ್ಮು, ಒಂಟಿಯಾಗಿ. ಮೇಲೆ ಏನೂ ಮುಚ್ಚಿಲ್ಲ. ಎಡಗಾಲು ಬಲಗಾಲು ಒಂದೇ ತೂಕಕ್ಕೆ ಬೀಳುತ್ತಿದೆಯಾ ಅಂತ ಹುಡುಕಿ ನೋಡಿ. ಮೆಟಲ್ ಡ್ರಮ್ ಕಲಿಯುವವರು ಇವತ್ತಿಗೂ ತಿರುಗಿಸಿ ತಿರುಗಿಸಿ ಕೇಳುವ ಜಾಗ ಇದು. ನಾನು ಹೊಸ ಸಬ್ (ಬೇಸ್ ಸದ್ದಿನ ದೊಡ್ಡ ಬಾಕ್ಸ್) ಕೊಳ್ಳುವಾಗ ಅಂಗಡಿಯಲ್ಲಿ ಹಾಕಿಸಿ ನೋಡೋದೂ ಇದನ್ನೇ. ಒದೆತಗಳು ಬಿಡಿಬಿಡಿಯಾಗಿ ಬಂದರೆ ಮಾಲು ಪರವಾಗಿಲ್ಲ. ಒಂದೇ ಗುಡುಗಾಗಿ ಬಂದರೆ ಎಷ್ಟೇ ಡಿಸ್ಕೌಂಟ್ ಕೊಟ್ಟರೂ ಬೇಡ.

ಮೂರನೇ ಸಲ: ಗಿಟಾರು

ಒಂದು ಕಿವಿಯ ಇಯರ್‌ಫೋನ್ ತೆಗೆದು ಕೇಳಿ, ಆಮೇಲೆ ಇನ್ನೊಂದು ಕಿವಿಯದು. ಎರಡು ಗಿಟಾರು ಎರಡು ಪಕ್ಕಕ್ಕೆ ಇವೆ. ಬಾರಿಸೋದು ಒಂದನ್ನೇ, ಆದರೆ ಇಬ್ಬರ ಕೈ ಒಂದೇ ಅಲ್ಲ. ಎರಡೂ ಕಿವಿಗೆ ಹಾಕಿಕೊಂಡಾಗ ಆ ಕೂದಲೆಳೆಯ ವ್ಯತ್ಯಾಸವೇ ಅಗಲವಾಗಿ ಕೇಳಿಸುತ್ತದೆ.

ಚರ್ ಚರ್ ಅಂತ ತುಂಡಾಗಿ ಬರುವ ಸದ್ದು ಇದೆಯಲ್ಲ, ಅದಕ್ಕೆ ಪಾಮ್ ಮ್ಯೂಟ್ ಅಂತಾರೆ. ಬಲಗೈ ಅಂಗೈಯ ಅಂಚನ್ನು ತಂತಿ ಬಿಗಿದಿರುವ ಬ್ರಿಡ್ಜ್ ಹತ್ತಿರ ಮೆಲ್ಲಗೆ ಒತ್ತಿಟ್ಟು ಮೀಟುವುದು. ತಂತಿ ಪೂರ್ತಿ ಮಿಡಿಯೋಕೆ ಬಿಡಲ್ಲ. ಗಿಟಾರ್ ಕಲಿಯುತ್ತಿದ್ದರೆ ಎಲ್ಲಾ ತಂತಿಯನ್ನೂ ಅರ್ಧ ಸ್ವರ ಇಳಿಸಿ ಶ್ರುತಿ ಮಾಡಿಕೊಳ್ಳಿ, ಇಲ್ಲದಿದ್ದರೆ ರೆಕಾರ್ಡಿನ ಜೊತೆ ಕೂರಲ್ಲ. ವಿಡಿಯೋ ಸ್ಪೀಡನ್ನು ಅರ್ಧಕ್ಕೆ ಇಳಿಸಿ ‘ರೇನಿಂಗ್ ಬ್ಲಡ್’ನ ಮುಖ್ಯ ತುಣುಕಿನಿಂದ ಶುರು ಮಾಡಿ. ಬೆರಳಿಗೆ ಕಷ್ಟ ಇಲ್ಲ. ಕಷ್ಟ ಇರೋದು ಬಲಗೈ ಮಣಿಕಟ್ಟಿಗೆ. ಬಿಗಿ ಹಿಡಿದರೆ ಒಂದು ನಿಮಿಷವೂ ತಡೆಯಲ್ಲ.

ಸೋಲೋಗಳಲ್ಲಿ ಮಾತ್ರ ರಾಗ ಹುಡುಕಬೇಡಿ. ಕಿರುಚಾಟ ಅದು, ಬೇಕಂತಲೇ. ನನಗೆ ಅವೆಲ್ಲ ಇಷ್ಟವೂ ಅಲ್ಲ. ಅದೃಷ್ಟಕ್ಕೆ ಚಿಕ್ಕಚಿಕ್ಕವು.

ನಡುವಿನ ಚಿಕ್ಕ ಹಾಡುಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ‘ನೆಕ್ರೋಫೋಬಿಕ್’ ಒಂದು ನಿಮಿಷ ನಲವತ್ತು ಸೆಕೆಂಡು, ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ. ‘ರೀಬಾರ್ನ್’, ‘ಎಪಿಡೆಮಿಕ್’ ಎರಡೂ ನನ್ನ ಲೆಕ್ಕದಲ್ಲಿ ಸೇತುವೆ ಹಾಡುಗಳು. ಯಾರಾದರೂ ಜಗಳಕ್ಕೆ ಬಂದರೆ ಬರಲಿ.

ಕೊನೆಯ ಎರಡು ಹಾಡನ್ನು ಒಂದು ಅಂದುಕೊಳ್ಳಿ

‘ಪೋಸ್ಟ್‌ಮಾರ್ಟಮ್’ ಮತ್ತು ‘ರೇನಿಂಗ್ ಬ್ಲಡ್’ ಸೇರಿ ಏಳೂವರೆ ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ. ಇದನ್ನು ರಾತ್ರಿ, ಲೈಟ್ ಆರಿಸಿ ಕೇಳಿ. ಮೊದಲನೆಯದು ಓಡಿ ಓಡಿ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಮಳೆ, ಗುಡುಗು. ಗಿಟಾರಿನ ಫೀಡ್‌ಬ್ಯಾಕ್ (ಕುಂಯ್ ಅನ್ನೋ ಸದ್ದು) ದೂರದಲ್ಲಿ ಕೂಗುತ್ತದೆ. ಆಮೇಲೆ ಡ್ರಮ್ಮಿನಲ್ಲಿ ಮೂರು ಹೊಡೆತ. ಬಿಡುವು. ಮತ್ತೆ ಮೂರು. ಇಡೀ ಆಲ್ಬಮ್ಮಿನಲ್ಲಿ ನಿಮ್ಮನ್ನು ಕಾಯಿಸುವ ಜಾಗ ಇದು. ಅಲ್ಲಿವರೆಗೆ ಒಂದು ಕ್ಷಣವೂ ಬಿಡುವು ಕೊಡದವರು ಈಗ ಬಿಡುವು ಕೊಟ್ಟರೆ ಎದೆ ಢವಢವ ಅನ್ನುತ್ತದೆ. ಆಮೇಲೆ ಆ ಗಿಟಾರ್ ತುಣುಕು ಬರುತ್ತದೆ, ಸಂಗೀತ ಗೊತ್ತಿಲ್ಲದವರೂ ಬಾಯಲ್ಲಿ ಗುನುಗಬಹುದಾದದ್ದು. ಹಾಡಿನ ಕೊನೆಗೆ ತಾಳ, ಸ್ವರ ಎಲ್ಲಾ ಕಿತ್ತುಹೋಗಿ ಬರೀ ಸದ್ದಿನ ರಾಶಿ. ಅದೂ ನಿಂತು ಮಳೆ ಮಾತ್ರ ಉಳಿಯುತ್ತದೆ. ಹಾಡು ಮುಗಿಯಿತು ಅಂತ ಮಳೆಯನ್ನು ದಾಟಿಸಬೇಡಿ, ಪೂರ್ತಿ ಕೇಳಿ.

ಸಾಹಿತ್ಯದ ವಿಷಯ ಮುಚ್ಚಿಡೋದು ಬೇಡ

‘ಏಂಜಲ್ ಆಫ್ ಡೆತ್’ ಯೋಸೆಫ್ ಮೆಂಗೆಲೆ ಬಗ್ಗೆ. ಆಶ್ವಿಟ್ಜ್‌ನ ನಾಜಿ ಕ್ಯಾಂಪಿನಲ್ಲಿ ಕೈದಿಗಳ ಮೇಲೆ, ಅವಳಿ ಮಕ್ಕಳ ಮೇಲೆ ಪ್ರಯೋಗ ಮಾಡಿದ ಡಾಕ್ಟರ್. ಹ್ಯಾನೆಮನ್ ಅವನ ಬಗ್ಗೆ ಪುಸ್ತಕ ಓದಿ ಈ ಹಾಡು ಬರೆದ. ಏನು ಮಾಡಿದ ಅಂತ ಪಟ್ಟಿ ಇದೆ, ಅದು ತಪ್ಪು ಅಂತ ಬೈಯುವ ಸಾಲು ಬಿಡಿಸಿ ಬರೆದಿಲ್ಲ. ಅದೇ ಕಾರಣಕ್ಕೆ ರಂಪವಾಯಿತು. ಡೆಫ್ ಜ್ಯಾಮ್‌ನ ಮಾಲು ಹಂಚುತ್ತಿದ್ದ ಕೊಲಂಬಿಯಾ ಕಂಪನಿ ಈ ಆಲ್ಬಮ್ಮನ್ನು ಹಂಚಲ್ಲ ಅಂದಿತು. ಕೊನೆಗೆ ಗೆಫೆನ್ ಹಂಚಿತು. ನಾಜಿಗಳ ಪರ ಅನ್ನೋ ಆರೋಪವನ್ನು ಬ್ಯಾಂಡು ಯಾವತ್ತೂ ಒಪ್ಪಿಲ್ಲ.

ನನ್ನ ಸಲಹೆ: ಮೊದಲು ಮೆಂಗೆಲೆ ಯಾರು ಅಂತ ಓದಿ, ಆಮೇಲೆ ಸಾಹಿತ್ಯ ಓದಿ. ಇತಿಹಾಸ ಗೊತ್ತಿಲ್ಲದೆ ಓದಿದರೆ ದೆವ್ವದ ಸಿನಿಮಾ ಥರ ಕಾಣುತ್ತದೆ, ಅದು ಸತ್ತವರಿಗೆ ಮಾಡುವ ಅವಮಾನ. ಮಿಕ್ಕ ಹಾಡುಗಳ ಸೈತಾನ, ಬಲಿಪೀಠ ಇತ್ಯಾದಿಯನ್ನು ನಾನು ಅಷ್ಟು ತಲೆಗೆ ಹಚ್ಚಿಕೊಳ್ಳಲ್ಲ. ಅದನ್ನೆಲ್ಲ ಹಾಡುವ ಅರಾಯಾ ಸ್ವತಃ ಕ್ಯಾಥೊಲಿಕ್. ಲ್ಯಾರಿ ಕ್ಯಾರಲ್ ಬರೆದ ಮುಖಪುಟದ ಚಿತ್ರವಂತೂ ಕೊಂಬಿನ ತಲೆಯವನನ್ನು ಹೊತ್ತು ಸಾಗುವ ನರಕದ ಮೆರವಣಿಗೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇಯರ್‌ಫೋನ್ ಹಾಕಿಕೊಳ್ಳಿ, ಫೋನ್ ಮಕಾಡೆ ಇಡಿ. ಅಷ್ಟು ಸಾಕು.

ಇಷ್ಟವಾದರೆ ಮುಂದೆ

ರೇಡಿಯೋದಲ್ಲಿ ಬಾರದ ಈ ಆಲ್ಬಮ್ಮು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 94ನೇ ಸ್ಥಾನಕ್ಕೆ ಬಂದಿತ್ತು. ಇದಕ್ಕಿಂತ ಸ್ಪೀಡಾಗಿ ಇನ್ನೇನು ಮಾಡೋದು ಅಂತ ಸ್ಲೇಯರ್‌ನವರು 1988ರ ‘ಸೌತ್ ಆಫ್ ಹೆವನ್’ನಲ್ಲಿ ಬೇಕಂತಲೇ ನಿಧಾನ ಮಾಡಿದರು. ಅದನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳಿ. 2012ರ ಅಕ್ಟೋಬರಿನಲ್ಲಿ ಅವರು ಬೆಂಗಳೂರಿಗೂ ಬಂದಿದ್ದರು. ಹ್ಯಾನೆಮನ್ ಕಾಯಿಲೆಯಿಂದ ಬಂದಿರಲಿಲ್ಲ, ಅವರ ಜಾಗದಲ್ಲಿ ಎಕ್ಸೋಡಸ್ ಬ್ಯಾಂಡಿನ ಗ್ಯಾರಿ ಹೋಲ್ಟ್ ಬಾರಿಸಿದರು. ಹ್ಯಾನೆಮನ್ 2013ರ ಮೇ 2ರಂದು ತೀರಿಕೊಂಡರು. ಲೊಂಬಾರ್ಡೋ ಕೂಡ ಅದೇ ವರ್ಷದ ಶುರುವಿನಲ್ಲಿ ಬ್ಯಾಂಡ್ ಬಿಟ್ಟಿದ್ದರು. ಆ ಬೆಂಗಳೂರು ಶೋ ನೋಡಿದವರು ಸಿಕ್ಕರೆ ಡ್ರಮ್ಮಿನ ಬಗ್ಗೆ ಕೇಳಿ, ಬಾಯಿ ಮುಚ್ಚಲ್ಲ.

ಮೆಟಲ್ ಅಂದರೆ ಮೂಗು ಮುರಿಯುವ ಗೆಳೆಯರಿಗೆ ಆಲ್ಬಮ್ಮನ್ನು ನೇರವಾಗಿ ಕೊಡಬೇಡಿ. ಪಬ್ಲಿಕ್ ಎನಿಮಿ ಅನ್ನೋ ರ‍್ಯಾಪ್ ತಂಡದ 1988ರ ಹಾಡು ‘ಶೀ ವಾಚ್ ಚಾನೆಲ್ ಜೀರೋ’ ಕೇಳಿಸಿ. ಅವರೂ ಡೆಫ್ ಜ್ಯಾಮ್‌ನವರೇ. ‘ಏಂಜಲ್ ಆಫ್ ಡೆತ್’ನ ಆ ಅರ್ಧ ವೇಗದ ತುಣುಕನ್ನೇ ಎತ್ತಿ ಸುತ್ತಿಸಿ ಅದರ ಮೇಲೆ ರ‍್ಯಾಪ್ ಮಾಡಿದ್ದಾರೆ. ‘ಆ ಗಿಟಾರ್ ಯಾರದ್ದು?’ ಅಂತ ಗೆಳೆಯರು ಕೇಳಿದರೆ ಆಗ ‘ಏಂಜಲ್ ಆಫ್ ಡೆತ್’ ಹಾಕಿ. ಕೇಳದಿದ್ದರೆ ಬಿಟ್ಟುಬಿಡಿ, ಬಲವಂತ ಬೇಡ.